ಒಂಬತ್ತರ ಮಿತಿ, ಹನ್ನೆರಡರ ತಂಡ: ಅಮೆರಿಕದ ಒಂದು ಕಾಲೇಜು ಗಾಲ್ಫ್ ವಿಭಾಗದ ಪ್ರಕರಣ ಅಧ್ಯಯನ

ಅಮೆರಿಕದ ಕಾಲೇಜು ಕ್ರೀಡೆಯ ಹಣಕಾಸಿನ ವ್ಯವಸ್ಥೆ 2025ರಲ್ಲಿ ಬುಡಮಟ್ಟದಿಂದ ಬದಲಾಯಿತು. ಹೌಸ್ ಮೊಕದ್ದಮೆ ಎಂದು ಕರೆಯಲಾಗುವ ಪ್ರಕರಣದಲ್ಲಿ ಆಟಗಾರರಿಗೂ ಅಲ್ಲಿನ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಗೂ ನಡುವೆ ಆದ ರಾಜಿ ಒಪ್ಪಂದಕ್ಕೆ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು ಆ ವರ್ಷದ ಜೂನ್ 6ರಂದು ಅಂತಿಮ ಒಪ್ಪಿಗೆ ನೀಡಿದರು. ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ, ಈಗಿನ ಆಟಗಾರರಿಗೆ ವಿಶ್ವವಿದ್ಯಾಲಯಗಳು ನೇರವಾಗಿ ಹಣ ಕೊಡಲು ಅವಕಾಶ, ಅದಕ್ಕೆ ಮೊದಲ ವರ್ಷ ಪ್ರತಿ ಸಂಸ್ಥೆಗೆ ಸುಮಾರು 2.05 ಕೋಟಿ ಡಾಲರ್‌ಗಳ ಮೇಲ್ಮಿತಿ, ಇವು ಆ ಒಪ್ಪಂದದ ಮುಖ್ಯಾಂಶಗಳು. ಸುದ್ದಿಯೆಲ್ಲ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಸುತ್ತಲೇ ಇತ್ತು. ಇಲ್ಲಿ ಬರೆಯುತ್ತಿರುವುದು ಅದೇ ಒಪ್ಪಂದದ ಅಡಿಯಲ್ಲಿ ಸಿಲುಕಿದ, ಯಾರೂ ಟಿಕೆಟ್ ಕೊಂಡು ನೋಡದ ಒಂದು ಗಾಲ್ಫ್ ವಿಭಾಗದ ಬಗ್ಗೆ.

ಈ ಪ್ರಕರಣ ನನ್ನ ಗಮನಕ್ಕೆ ಬಂದದ್ದು ಆ ತಂಡದಲ್ಲಿದ್ದ ಬೆಂಗಳೂರಿನ ಒಬ್ಬ ವಿದ್ಯಾರ್ಥಿಯ ಕುಟುಂಬದ ಮೂಲಕ. ನಂತರ ತರಬೇತುದಾರರೊಂದಿಗೂ ಕ್ರೀಡಾ ವಿಭಾಗದ ಹಣಕಾಸು ನೋಡಿಕೊಳ್ಳುವವರೊಂದಿಗೂ ಮಾತನಾಡಿ ಉಳಿದ ವಿವರಗಳನ್ನು ಕೂಡಿಸಿಕೊಂಡೆ. ಸಂಸ್ಥೆ, ರಾಜ್ಯ, ವ್ಯಕ್ತಿಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಮೊತ್ತಗಳನ್ನು ದುಂಡಾಗಿಸಿದ್ದೇನೆ. ತೀರ್ಮಾನಗಳ ಸ್ವರೂಪ ಮತ್ತು ಅವುಗಳ ಕ್ರಮವನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ.

ಹಿನ್ನೆಲೆ

ಮಧ್ಯಪಶ್ಚಿಮ ಅಮೆರಿಕದ ಮಧ್ಯಮ ಗಾತ್ರದ ಸರ್ಕಾರಿ ವಿಶ್ವವಿದ್ಯಾಲಯವದು. ಎನ್‌ಸಿಎಎಯ ಅತ್ಯುನ್ನತ ಹಂತವಾದ ಡಿವಿಷನ್ 1ರಲ್ಲಿ ಆಡುತ್ತದೆ, ಆದರೆ ಫುಟ್‌ಬಾಲ್ ತಂಡವಿಲ್ಲ. ಹೆಸರು ತರುವ ಆಟವೆಂದರೆ ಪುರುಷರ ಬ್ಯಾಸ್ಕೆಟ್‌ಬಾಲ್. ಪುರುಷರ 7, ಮಹಿಳೆಯರ 8, ಒಟ್ಟು 15 ಕ್ರೀಡೆಗಳನ್ನು ನಡೆಸುತ್ತಿತ್ತು. ಇಂಥ ಸಂಸ್ಥೆ ಡಿವಿಷನ್ 1ರಲ್ಲಿ ಉಳಿಯಬೇಕಾದರೆ ಕನಿಷ್ಠ 14 ಕ್ರೀಡೆಗಳು ಇರಬೇಕು, ಅಂದರೆ ನೆಲಗಟ್ಟಿಗಿಂತ ಒಂದೇ ಒಂದು ಮೆಟ್ಟಿಲು ಮೇಲೆ ಅದು ನಿಂತಿತ್ತು.

ಗಾಲ್ಫ್‌ನಲ್ಲಿ ಪುರುಷರ ಪಟ್ಟಿಯಲ್ಲಿ 12 ಮಂದಿ, ಮಹಿಳೆಯರ ಪಟ್ಟಿಯಲ್ಲಿ 8 ಮಂದಿ ಇದ್ದರು. ಎರಡೂ ತಂಡಗಳಿಗೆ ಸೇರಿ ಒಬ್ಬರೇ ಗಾಲ್ಫ್ ನಿರ್ದೇಶಕರು, ಅವರ ಕೈಕೆಳಗೆ ಪೂರ್ಣಾವಧಿಯ ಒಬ್ಬ ಸಹಾಯಕ ತರಬೇತುದಾರ. ಇಂಥ ಜೋಡಣೆ ಮಧ್ಯಮ ಮಟ್ಟದ ಸಂಸ್ಥೆಗಳಲ್ಲಿ ಸಾಮಾನ್ಯ. ದೊಡ್ಡ ವಿಶ್ವವಿದ್ಯಾಲಯಗಳ ಚಿತ್ರವೇ ಬೇರೆ. 2025ರಲ್ಲಿ ತನ್ನ 12ನೇ ರಾಷ್ಟ್ರೀಯ ಪುರುಷರ ಪ್ರಶಸ್ತಿ ಗೆದ್ದ ಒಕ್ಲಹಾಮ ಸ್ಟೇಟ್‌ಗೆ ಕಾರ್ಸ್ಟನ್ ಕ್ರೀಕ್ ಎಂಬ ತನ್ನದೇ ಮೈದಾನವಿದೆ. ನಮ್ಮ ಪ್ರಕರಣದ ತಂಡ ಊರಿನ ಸಾರ್ವಜನಿಕ ಮೈದಾನವೊಂದರಲ್ಲಿ ವಾರ್ಷಿಕ ಶುಲ್ಕ ಕಟ್ಟಿ ಅಭ್ಯಾಸ ಮಾಡುತ್ತದೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಿಮ ಬಿದ್ದಾಗ ಜಿಮ್‌ನ ಮೂಲೆಯೊಂದರಲ್ಲಿ ಬಲೆ ಕಟ್ಟಿ ಸಿಮ್ಯುಲೇಟರ್ ಮೇಲೆ ಚೆಂಡು ಹೊಡೆಯುತ್ತದೆ.

ವಿದ್ಯಾರ್ಥಿವೇತನದ ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಒಪ್ಪಂದಕ್ಕೆ ಮೊದಲು ಡಿವಿಷನ್ 1ರ ಪುರುಷರ ಗಾಲ್ಫ್ ತಂಡವೊಂದು ಗರಿಷ್ಠ 4.5 ಪೂರ್ಣ ವಿದ್ಯಾರ್ಥಿವೇತನಗಳಷ್ಟು ಹಣವನ್ನೂ, ಮಹಿಳಾ ತಂಡ 6ರಷ್ಟನ್ನೂ ಕೊಡಬಹುದಾಗಿತ್ತು. ಅದನ್ನು ತರಬೇತುದಾರರು ತುಂಡು ತುಂಡಾಗಿ ಹಂಚುತ್ತಿದ್ದರು: ಒಬ್ಬನಿಗೆ ಶುಲ್ಕದ ಅರ್ಧ, ಇನ್ನೊಬ್ಬನಿಗೆ ಕಾಲು ಭಾಗ, ಮತ್ತೊಬ್ಬನಿಗೆ ಪುಸ್ತಕದ ಖರ್ಚು ಮಾತ್ರ. ಈ ವಿಶ್ವವಿದ್ಯಾಲಯಕ್ಕೆ ಆ ಮಿತಿಯನ್ನು ಮುಟ್ಟುವ ಶಕ್ತಿಯೂ ಇರಲಿಲ್ಲ. ಪುರುಷರಿಗೆ 3, ಮಹಿಳೆಯರಿಗೆ 5ರಷ್ಟು ಹಣ ಸಿಗುತ್ತಿತ್ತು. ಹಾಗಾಗಿ ಹನ್ನೆರಡು ಹುಡುಗರಲ್ಲಿ ನಾಲ್ವರು ಕ್ರೀಡಾ ವಿಭಾಗದಿಂದ ಒಂದು ಡಾಲರ್ ಸಹ ಪಡೆಯದ ವಾಕ್‌ಆನ್ ಆಟಗಾರರಾಗಿದ್ದರು, ಇನ್ನು ಮೂವರು ನಾಲ್ವರು ಬಹುಪಾಲು ಶುಲ್ಕವನ್ನು ತಾವೇ ಕಟ್ಟುತ್ತಿದ್ದರು. ಬೆಂಗಳೂರಿನ ಹುಡುಗ ಈ ಎರಡನೇ ಗುಂಪಿನವನು. ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನದಲ್ಲಿ ಆಟ ಕಲಿತು, ಕಿರಿಯರ ಟೂರ್ನಿಗಳಲ್ಲಿ ಹೆಸರು ಮಾಡಿ, ಎಂಜಿನಿಯರಿಂಗ್ ಪದವಿಯನ್ನೂ ಆಟವನ್ನೂ ಒಟ್ಟಿಗೆ ನಡೆಸಬಹುದೆಂಬ ಭರವಸೆಯಿಂದ ಹೋದವನು.

ಸಮಸ್ಯೆ ಬಂದ ದಾರಿ

ಒಪ್ಪಂದದ ಒಂದು ಷರತ್ತು ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ಒಪ್ಪಂದಕ್ಕೆ ಸೇರುವ ಸಂಸ್ಥೆಗಳಿಗೆ ವಿದ್ಯಾರ್ಥಿವೇತನದ ಮಿತಿ ತೆಗೆದುಹಾಕಿ ಅದರ ಬದಲು ಆಟಗಾರರ ಸಂಖ್ಯೆಗೇ ಮಿತಿ ಹಾಕಲಾಯಿತು. ಫುಟ್‌ಬಾಲ್‌ಗೆ 105, ಬೇಸ್‌ಬಾಲ್‌ಗೆ 34, ಬ್ಯಾಸ್ಕೆಟ್‌ಬಾಲ್‌ಗೆ 15, ಗಾಲ್ಫ್‌ಗೆ ಪುರುಷರಲ್ಲೂ ಮಹಿಳೆಯರಲ್ಲೂ ತಲಾ 9. ಒಂಬತ್ತು ಮಂದಿಗೂ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದು, ಹತ್ತನೆಯವರನ್ನು ಮಾತ್ರ ಪಟ್ಟಿಯಲ್ಲಿ ಇಟ್ಟುಕೊಳ್ಳುವಂತಿಲ್ಲ. ದೊಡ್ಡ ಸಮ್ಮೇಳನಗಳ (ತಮ್ಮೊಳಗೆ ಸ್ಪರ್ಧಿಸುವ ಕಾಲೇಜುಗಳ ಕೂಟಗಳ) ವಿಶ್ವವಿದ್ಯಾಲಯಗಳಿಗೆ ಇದು ಬಂಪರ್ ಬದಲಾವಣೆ. 3ರಷ್ಟು ವಿದ್ಯಾರ್ಥಿವೇತನಕ್ಕೇ ಹಣ ಹೊಂದಿಸಲು ಒದ್ದಾಡುವ ಸಂಸ್ಥೆಗೆ 9ರ ಅನುಮತಿಯಿಂದ ಆಗುವ ಲಾಭ ಏನೂ ಇಲ್ಲ. ಅದಕ್ಕೆ ಉಳಿಯುವುದು ಮಿತಿಯೊಂದೇ.

ಮೊಕದ್ದಮೆಯಲ್ಲಿ ಪ್ರತಿವಾದಿಗಳಲ್ಲದ ಸಂಸ್ಥೆಗಳಿಗೆ ಸೇರುವ ಅಥವಾ ಸೇರದಿರುವ ಆಯ್ಕೆ ಇತ್ತು. ಆದರೆ ಆಯ್ಕೆ ಕ್ರೀಡೆಗೊಂದರಂತೆ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ನೇರವಾಗಿ ಹಣ ಕೊಡಬೇಕೆಂದು ಸೇರಿದರೆ ಗಾಲ್ಫ್, ಈಜು, ಓಟ ಎಲ್ಲಕ್ಕೂ ಸಂಖ್ಯೆಯ ಮಿತಿ ಅನ್ವಯಿಸುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಬ್ಯಾಸ್ಕೆಟ್‌ಬಾಲ್‌ನ ಸ್ಪರ್ಧೆಯ ಒತ್ತಡಕ್ಕೆ ಮದ್ದಾಗಿ ಬಂದದ್ದು ಗಾಲ್ಫ್ ತಂಡದ ಮೂವರನ್ನು ಹೊರಹಾಕುವ ಆದೇಶವಾಯಿತು.

ಅದರ ಮೇಲೆ ಇನ್ನೊಂದು ಹೊರೆ. ಹಳೆಯ ಆಟಗಾರರ ಪರಿಹಾರದ ದೊಡ್ಡ ಭಾಗವನ್ನು ಎನ್‌ಸಿಎಎ ತಾನು ಡಿವಿಷನ್ 1ರ ಸಂಸ್ಥೆಗಳಿಗೆ ಪ್ರತಿ ವರ್ಷ ಹಂಚುವ ಹಣದಲ್ಲಿ ಕಡಿತ ಮಾಡಿ ಹೊಂದಿಸುತ್ತದೆ. ಒಪ್ಪಂದಕ್ಕೆ ಸೇರಿದರೂ ಸೇರದಿದ್ದರೂ ಈ ಕಡಿತ ತಪ್ಪುವುದಿಲ್ಲ. ಆದ್ದರಿಂದ ಕ್ರೀಡಾ ನಿರ್ದೇಶಕರ ಮುಂದೆ ಬಜೆಟ್ ಇಳಿಸುವ ಅನಿವಾರ್ಯವೂ, ಬ್ಯಾಸ್ಕೆಟ್‌ಬಾಲ್‌ಗೆ ಹೊಸ ಹಣ ಹುಡುಕುವ ಅನಿವಾರ್ಯವೂ ಏಕಕಾಲಕ್ಕೆ ಬಂದು ನಿಂತವು. 2025ರ ಜನವರಿಯಲ್ಲಿ ಅವರು ಗಾಲ್ಫ್ ನಿರ್ದೇಶಕರ ಮುಂದೆ ಮೂರು ದಾರಿಗಳನ್ನಿಟ್ಟರು: ಪುರುಷರ ಗಾಲ್ಫ್ ಅನ್ನೇ ನಿಲ್ಲಿಸುವುದು, ತಂಡವನ್ನು ಒಂಬತ್ತಕ್ಕೆ ಇಳಿಸುವುದು, ಅಥವಾ ಸಹಾಯಕ ತರಬೇತುದಾರರ ಹುದ್ದೆಯನ್ನು ತೆಗೆಯುವುದು.

ಮೊದಲ ದಾರಿ ಬೇಗನೆ ಮುಚ್ಚಿಹೋಯಿತು. ಪುರುಷರ ಗಾಲ್ಫ್ ಹೋದರೆ ಉಳಿಯುವುದು ಸರಿಯಾಗಿ 14 ಕ್ರೀಡೆಗಳು. ಮುಂದೆ ಯಾವುದಾದರೂ ಒಂದು ಆಟ ಒಂದು ವರ್ಷ ತೊಂದರೆಗೆ ಸಿಲುಕಿದರೂ ಸಂಸ್ಥೆಯ ಡಿವಿಷನ್ 1 ಸದಸ್ಯತ್ವವೇ ಪ್ರಶ್ನೆಗೆ ಒಳಗಾಗುತ್ತದೆ ಎಂದು ನಿಯಮಪಾಲನೆ ನೋಡುವ ಅಧಿಕಾರಿ ಎರಡು ಪುಟದ ಟಿಪ್ಪಣಿ ಬರೆದುಕೊಟ್ಟ ಮೇಲೆ ಆ ಮಾತು ಮತ್ತೆ ಏಳಲಿಲ್ಲ.

ಅವಸರದಲ್ಲಿ ಆಡಿದ ಮಾತು

ಎರಡನೇ ದಾರಿಯನ್ನು ಹಿಡಿಯಲಾಯಿತು, ಅದೂ ಅವಸರವಾಗಿ. ಒಪ್ಪಂದಕ್ಕೆ ಪ್ರಾಥಮಿಕ ಒಪ್ಪಿಗೆ 2024ರ ಅಕ್ಟೋಬರ್‌ನಲ್ಲೇ ಸಿಕ್ಕಿತ್ತು, ಅಂತಿಮ ವಿಚಾರಣೆ 2025ರ ಏಪ್ರಿಲ್ 7ಕ್ಕೆ ನಿಗದಿಯಾಗಿತ್ತು. ಏಪ್ರಿಲ್‌ವರೆಗೆ ಕಾದರೆ ತಂಡದಿಂದ ಹೊರಬೀಳುವ ಹುಡುಗರಿಗೆ ಬೇರೆ ಕಾಲೇಜು ಹುಡುಕಲು ಸಮಯವೇ ಸಿಗುವುದಿಲ್ಲ ಎಂಬುದು ಗಾಲ್ಫ್ ನಿರ್ದೇಶಕರ ಕಾಳಜಿಯಾಗಿತ್ತು. ಆ ಕಾಳಜಿ ನಿಜವಾದದ್ದೇ. ಫೆಬ್ರವರಿಯಲ್ಲಿ ಅವರು ಮೂವರನ್ನು ಒಬ್ಬೊಬ್ಬರಾಗಿ ಕಚೇರಿಗೆ ಕರೆದು, ಮುಂದಿನ ವರ್ಷ ನಿಮಗೆ ಜಾಗವಿರುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದು ತಿಳಿಸಿದರು. ಬೆಂಗಳೂರಿನ ಹುಡುಗ ಆ ಮೂವರಲ್ಲಿ ಒಬ್ಬ.

ಮೂವರೂ ಪ್ರವಾಸಕ್ಕೆ ಹೋಗುವ ಐವರ ಹೊರಗಿದ್ದವರು. ಕಾಲೇಜು ಗಾಲ್ಫ್ ಟೂರ್ನಿಯಲ್ಲಿ ತಂಡಕ್ಕೆ ಐದು ಮಂದಿ ಆಡುತ್ತಾರೆ, ಪ್ರತಿ ಸುತ್ತಿನಲ್ಲಿ ಅವರ ಅತ್ಯುತ್ತಮ ನಾಲ್ಕು ಅಂಕಗಳು ಎಣಿಕೆಯಾಗುತ್ತವೆ. ಯಾರು ಆ ಐವರು ಎಂಬುದನ್ನು ಪ್ರತಿ ಟೂರ್ನಿಗೆ ಮೊದಲು ಊರಿನಲ್ಲೇ ನಡೆಯುವ ಅರ್ಹತಾ ಸುತ್ತುಗಳು ನಿರ್ಧರಿಸುತ್ತವೆ. ಆರನೆಯವನಿಂದ ಹನ್ನೆರಡನೆಯವನವರೆಗಿನವರು ಪಟ್ಟಿಯ ಬಾಲ ಎಂದು ಕಾಗದದ ಮೇಲೆ ಕಾಣುತ್ತಾರೆ. ಮೈದಾನದಲ್ಲಿ ಐದನೆಯವನ ನಿದ್ದೆ ಕೆಡಿಸುವವರು ಅವರೇ. ಈ ತಂಡದ ಹಿಂದಿನ ಋತುವಿನ ಅರ್ಹತಾ ಸುತ್ತುಗಳ ಹಾಳೆಗಳನ್ನು ನಾನು ನೋಡಿದ್ದೇನೆ. ಐದನೇ ಸ್ಥಾನಕ್ಕೂ ಎಂಟನೇ ಸ್ಥಾನಕ್ಕೂ ನಡುವಿನ ಅಂತರ ಮೂರು ಸುತ್ತುಗಳಲ್ಲಿ ಒಂದೆರಡು ಹೊಡೆತ ಮೀರಿದ್ದು ಅಪರೂಪ.

ಏಪ್ರಿಲ್ 23ರಂದು ಎಲ್ಲರೂ ಊಹಿಸದ ತಿರುವು ಬಂತು. ಆಟಗಾರರ ಸಂಖ್ಯೆಯ ಮಿತಿಯನ್ನು ಒಂದೇಟಿಗೆ ಜಾರಿಗೆ ತರುವುದರಿಂದ ಈಗಾಗಲೇ ತಂಡಗಳಲ್ಲಿರುವವರಿಗೆ ಅನ್ಯಾಯವಾಗುತ್ತದೆ ಎಂದು ಹೇಳಿ, ಅದನ್ನು ಸರಿಪಡಿಸುವವರೆಗೆ ಒಪ್ಪಿಗೆ ಇಲ್ಲವೆಂದು ನ್ಯಾಯಾಧೀಶೆ ಆದೇಶಿಸಿದರು. ಮೇ ತಿಂಗಳಲ್ಲಿ ವಕೀಲರು ತಿದ್ದುಪಡಿ ತಂದರು: ಮಿತಿಯ ಕಾರಣಕ್ಕೆ ಹೊರಬಿದ್ದ, ಅಥವಾ ಹೊರಬೀಳಲಿದ್ದ ಆಟಗಾರರನ್ನು ಸಂಸ್ಥೆಗಳು ಬಯಸಿದರೆ ಮಿತಿಗೆ ಲೆಕ್ಕ ಹಿಡಿಯದೆ ಉಳಿಸಿಕೊಳ್ಳಬಹುದು. ಸಂಸ್ಥೆ ಬಯಸಬೇಕು ಎಂಬುದು ಇಲ್ಲಿನ ಮುಖ್ಯ ಮಾತು, ಉಳಿಸಿಕೊಳ್ಳಲೇಬೇಕೆಂಬ ಕಡ್ಡಾಯವಿರಲಿಲ್ಲ.

ಅಷ್ಟರಲ್ಲಿ ಮೂವರಲ್ಲಿ ಒಬ್ಬ ಡಿವಿಷನ್ 2ರ ಕಾಲೇಜೊಂದಕ್ಕೆ ಸೇರಿ ಆಗಿತ್ತು. ಇನ್ನೊಬ್ಬ ಗಾಲ್ಫ್ ಬಿಟ್ಟು ಅದೇ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸಲು ತೀರ್ಮಾನಿಸಿ, ತನ್ನ ಕ್ಲಬ್‌ಗಳನ್ನು ಮನೆಗೆ ಕಳಿಸಿದ್ದ. ಬೆಂಗಳೂರಿನ ಹುಡುಗ ಮಾತ್ರ ಅತಂತ್ರವಾಗಿ ಉಳಿದಿದ್ದ. ಅವನ ವೀಸಾ ಓದಿಗೆ ಕಟ್ಟಿದ್ದೇ ಹೊರತು ಆಟಕ್ಕಲ್ಲ, ಆದ್ದರಿಂದ ತಂಡ ಬಿಟ್ಟರೂ ದೇಶ ಬಿಡಬೇಕಾಗಿರಲಿಲ್ಲ. ಆದರೆ ಅವನಿಗೆ ಸಿಗುತ್ತಿದ್ದ ಅಲ್ಪ ವಿದ್ಯಾರ್ಥಿವೇತನ ಮುಂದುವರಿಯುತ್ತದೆಯೇ ಎಂಬುದಕ್ಕೆ ಯಾರೂ ಬರೆದು ಉತ್ತರ ಕೊಡಲಿಲ್ಲ. ಕಾಲೇಜು ಬದಲಿಸಿದರೆ ಎಂಜಿನಿಯರಿಂಗ್‌ನ ಎಷ್ಟು ವಿಷಯಗಳನ್ನು ಹೊಸ ಕಾಲೇಜು ಒಪ್ಪಿಕೊಳ್ಳುತ್ತದೆ ಎಂಬುದೂ ತಿಳಿಯುತ್ತಿರಲಿಲ್ಲ. ಒಂದು ಇಡೀ ವರ್ಷ ಹೆಚ್ಚಾಗಬಹುದೆಂಬ ಭಯದಲ್ಲಿ ಅವನ ತಂದೆತಾಯಿ ಬೆಂಗಳೂರಿನಿಂದ ರಾತ್ರಿ ಹೊತ್ತು ಫೋನಿನಲ್ಲಿ ಆ ಕಚೇರಿ ಈ ಕಚೇರಿ ಎಂದು ಕೇಳುತ್ತಿದ್ದರು.

ಎರಡು ಖಾತೆಗಳ ನಡುವಿನ ಗೋಡೆ

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇಲ್ಲಿದೆ. ಏಪ್ರಿಲ್ ಆದೇಶದ ನಂತರ ಸಿಕ್ಕ ಬಿಡುವಿನಲ್ಲಿ ಗಾಲ್ಫ್ ನಿರ್ದೇಶಕರು ಕ್ರೀಡಾ ವಿಭಾಗದಲ್ಲಿ ಅಲ್ಲಿಯವರೆಗೆ ಯಾರೂ ಮಾಡಿರದ ಲೆಕ್ಕವೊಂದನ್ನು ಮಾಡಿದರು. ಪ್ರವಾಸಕ್ಕೆ ಹೋಗದ ಒಬ್ಬ ಆಟಗಾರನನ್ನು ತಂಡದಲ್ಲಿಟ್ಟುಕೊಳ್ಳಲು ವರ್ಷಕ್ಕೆ ತಗಲುವ ಹೆಚ್ಚುವರಿ ಖರ್ಚು ಎಷ್ಟು? ಬಟ್ಟೆ, ಬೂಟು, ಚೆಂಡು, ಮೈದಾನದ ಶುಲ್ಕದಲ್ಲಿ ಅವನ ಪಾಲು, ವಿಮೆ, ಒಂದಿಷ್ಟು ದೈಹಿಕ ಚಿಕಿತ್ಸೆ, ಎಲ್ಲ ಸೇರಿ ಸುಮಾರು 3,000 ಡಾಲರ್. ವ್ಯಾನು, ಹೋಟೆಲು, ಊಟ, ವಿಮಾನ ಇವೆಲ್ಲ ಹೇಗೂ ಐವರಿಗೇ ಸೀಮಿತ. ಪಟ್ಟಿಯಲ್ಲಿ ಒಂಬತ್ತು ಮಂದಿ ಇದ್ದರೂ ಹನ್ನೆರಡು ಇದ್ದರೂ ಅದು ಬದಲಾಗುವುದಿಲ್ಲ. ಅದೇ ಆಟಗಾರ ರಿಯಾಯಿತಿಗಳನ್ನೆಲ್ಲ ಕಳೆದ ಮೇಲೆ ವಿಶ್ವವಿದ್ಯಾಲಯಕ್ಕೆ ಕಟ್ಟುತ್ತಿದ್ದ ಶುಲ್ಕ ಸರಾಸರಿ 17,000 ಡಾಲರ್. ಮೂವರನ್ನು ಕೈಬಿಟ್ಟರೆ 9,000 ಡಾಲರ್ ಉಳಿತಾಯ. ಆ ಮೂವರಲ್ಲಿ ಇಬ್ಬರು ಕಾಲೇಜು ಬಿಟ್ಟು ಹೋದರೂ ಸಾಕು, 34,000 ಡಾಲರ್ ನಷ್ಟ.

ಲೆಕ್ಕ ಇಷ್ಟು ಸರಳವಿದ್ದರೆ ಇಷ್ಟು ದಿನ ಯಾರಿಗೂ ಏಕೆ ಕಾಣಲಿಲ್ಲ? ಖರ್ಚು ಒಂದು ಖಾತೆಯಲ್ಲಿ, ಆದಾಯ ಇನ್ನೊಂದು ಖಾತೆಯಲ್ಲಿ ಇದ್ದದ್ದೇ ಕಾರಣ. ಆ 3,000 ಡಾಲರ್ ಕ್ರೀಡಾ ವಿಭಾಗದ ಬಜೆಟ್‌ನಿಂದ ಹೋಗುತ್ತದೆ. ಆ 17,000 ಡಾಲರ್ ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಗೆ ಸೇರುತ್ತದೆ. ಕ್ರೀಡಾ ನಿರ್ದೇಶಕರನ್ನು ಅಳೆಯುವುದು ಅವರ ವಿಭಾಗದ ಬಜೆಟ್‌ನಿಂದ, ಆದ್ದರಿಂದ ಅವರ ಕಣ್ಣಿಗೆ ಹನ್ನೆರಡನೇ ಆಟಗಾರ ಬರಿಯ ಖರ್ಚು. ಯಾರ ಮೇಲೂ ದುರುದ್ದೇಶದ ಆರೋಪ ಹೊರಿಸಬೇಕಾಗಿಲ್ಲ. ಕಾಣುವ ಹಾಳೆಯ ಆಧಾರದ ಮೇಲೆ ಎಲ್ಲರೂ ಸರಿಯಾಗಿಯೇ ಯೋಚಿಸಿದ್ದರು, ಹಾಳೆಯೇ ಅರ್ಧ ಇತ್ತು.

ವಿಶ್ವವಿದ್ಯಾಲಯದ ಹಣಕಾಸು ಕಚೇರಿಯಿಂದ ಬಂದ ಆಕ್ಷೇಪವನ್ನೂ ಗಂಭೀರವಾಗಿ ನೋಡಬೇಕು. ಗಾಲ್ಫ್ ಆಟಗಾರ ಬಿಟ್ಟುಹೋದರೆ ಅವನ ಜಾಗಕ್ಕೆ ಇನ್ನೊಬ್ಬ ವಿದ್ಯಾರ್ಥಿ ಬರುತ್ತಾನೆ, ಹಾಗಾಗಿ ಅವನ ಶುಲ್ಕವನ್ನು ಗಾಲ್ಫ್‌ನ ಆದಾಯವೆಂದು ಬರೆಯುವುದು ತಪ್ಪು ಎಂಬುದು ಅವರ ವಾದ. ಪ್ರವೇಶಕ್ಕೆ ಸಾಲುಗಟ್ಟಿ ನಿಲ್ಲುವ ಸಂಸ್ಥೆಗಳಲ್ಲಿ ಈ ವಾದ ನಿಲ್ಲುತ್ತದೆ. ಇಲ್ಲಿ ನಿಲ್ಲಲಿಲ್ಲ, ಏಕೆಂದರೆ ಆ ವಿಶ್ವವಿದ್ಯಾಲಯದ ಪ್ರವೇಶ ಕೆಲವು ವರ್ಷಗಳಿಂದ ಇಳಿಮುಖವಾಗಿತ್ತು, ವಸತಿ ನಿಲಯದ ಒಂದು ಕಟ್ಟಡವನ್ನೇ ಮುಚ್ಚಿದ್ದರು. ಅಮೆರಿಕದಲ್ಲಿ ಜನನ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ನಂತರ ಕುಸಿದ ಕಾರಣ, 2025ರ ಆಚೆ ಹದಿನೆಂಟು ವರ್ಷದವರ ಸಂಖ್ಯೆಯೇ ಕಡಿಮೆಯಾಗುತ್ತದೆ ಎಂಬ ಆತಂಕ ಇಂಥ ಎಲ್ಲ ಮಧ್ಯಮ ಸಂಸ್ಥೆಗಳಲ್ಲೂ ಇದೆ. ಖಾಲಿ ಕುರ್ಚಿಗಳಿರುವಾಗ ಒಬ್ಬ ಹೋದರೆ ಹೋದದ್ದೇ.

ಈ ಹಾಳೆ ಗಾಲ್ಫ್‌ನಿಂದ ಹೊರಟು ಬೇಸ್‌ಬಾಲ್, ಈಜು, ಅಥ್ಲೆಟಿಕ್ಸ್ ತರಬೇತುದಾರರ ಕೈಗೂ ಹೋಯಿತು. ಎಲ್ಲ ಕ್ರೀಡೆಗಳಲ್ಲಿ ಮಿತಿಯಿಂದ ಹೊರಬೀಳುವವರ ಶುಲ್ಕವನ್ನು ಕೂಡಿಸಿದಾಗ ಬಂದ ಮೊತ್ತ, ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಹಂಚಬೇಕೆಂದಿದ್ದ ಹಣಕ್ಕೆ ಹತ್ತಿರ ಹತ್ತಿರ ಇತ್ತು. ಈ ಅಂಶ ಅಧ್ಯಕ್ಷರ ಕಚೇರಿಯನ್ನು ಮುಟ್ಟಿದ ಮೇಲೆ, ಜೂನ್ 30ರ ಗಡುವಿಗೆ ಕೆಲವೇ ದಿನ ಮೊದಲು, ಸಂಸ್ಥೆ 2025-26ರ ಸಾಲಿಗೆ ಒಪ್ಪಂದಕ್ಕೆ ಸೇರದಿರಲು ತೀರ್ಮಾನಿಸಿತು. ಮುಂದಿನ ವರ್ಷ ಮತ್ತೆ ಪರಿಶೀಲಿಸುವ ಅವಕಾಶ ಇದ್ದೇ ಇತ್ತು. ಬೆಂಗಳೂರಿನ ಹುಡುಗನಿಗೆ ಜುಲೈ ಮೊದಲ ವಾರದಲ್ಲಿ ಕರೆ ಬಂತು. ತರಬೇತುದಾರರ ಮಾತಿನಲ್ಲಿದ್ದ ಮುಜುಗರವನ್ನು ಅವನು ಗುರುತಿಸಿದ, ಆದರೂ ಹಿಂದಿರುಗಿದ.

ಆ ತೀರ್ಮಾನಕ್ಕೂ ಬೆಲೆ ಇತ್ತೆಂಬುದನ್ನು ಮರೆಯಬಾರದು. ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ಆಟಗಾರನೊಬ್ಬ ಹಣ ಕೊಡುವ ಸಂಸ್ಥೆಯೊಂದಕ್ಕೆ ವರ್ಗವಾಗಿ ಹೋದ, ಆ ತಂಡದ ತರಬೇತುದಾರರ ಅಸಮಾಧಾನ ಬಹಿರಂಗವಾಗಿಯೇ ಇತ್ತು.

ಉಳಿಸಿದ ಸಂಬಳ, ಕಳೆದುಕೊಂಡ ಋತು

ತಂಡ ಉಳಿಯಿತು, ಆದರೆ ಬಜೆಟ್ ಕಡಿತ ಉಳಿದೇ ಇತ್ತು. ಮೂರನೇ ದಾರಿ ಹಿಂಬಾಗಿಲಿನಿಂದ ಬಂತು. ಜನವರಿಯಿಂದ ತನ್ನ ಹುದ್ದೆಯ ಮೇಲೆ ಕತ್ತಿ ತೂಗುತ್ತಿರುವುದನ್ನು ನೋಡಿದ್ದ ಸಹಾಯಕ ತರಬೇತುದಾರರು ಜುಲೈನಲ್ಲಿ ಬೇರೆ ಕೆಲಸ ಹಿಡಿದು ಹೊರಟರು, ಅವರ ಹುದ್ದೆಯನ್ನು ಖಾಲಿ ಬಿಡಲಾಯಿತು. ಸಂಬಳ, ಸೌಲಭ್ಯ ಸೇರಿ ವರ್ಷಕ್ಕೆ ಸುಮಾರು 60,000 ಡಾಲರ್ ಉಳಿಯುತ್ತದೆ ಎಂಬುದು ಲೆಕ್ಕ.

ಹಿಂದೆಲ್ಲ ಇಂಥ ಹೊತ್ತಿನಲ್ಲಿ ಸಂಬಳವಿಲ್ಲದ ಸ್ವಯಂಸೇವಕ ತರಬೇತುದಾರರೊಬ್ಬರನ್ನು ಇಟ್ಟುಕೊಳ್ಳುವುದಿತ್ತು. ಎನ್‌ಸಿಎಎ 2023ರ ಜುಲೈಯಿಂದ ಡಿವಿಷನ್ 1ರಲ್ಲಿ ಆ ವರ್ಗವನ್ನೇ ತೆಗೆದುಹಾಕಿದೆ. ಹಣ ಕೊಡದೆ ದುಡಿಸಿಕೊಳ್ಳುವ ಪದ್ಧತಿ ನಿಂತದ್ದು ಒಳ್ಳೆಯದೇ, ಆದರೆ ಬಡ ವಿಭಾಗಗಳ ಪಾಲಿಗೆ ಕೊನೆಯ ಆಸರೆಯೂ ಅದರೊಂದಿಗೆ ಸಡಿಲವಾಯಿತು.

ಎರಡು ತಂಡ, ಒಬ್ಬ ತರಬೇತುದಾರ. 2025ರ ಸೆಪ್ಟೆಂಬರ್‌ನ ಒಂದು ವಾರಾಂತ್ಯ ಪುರುಷರ ತಂಡ ಒಂದು ರಾಜ್ಯದಲ್ಲಿ, ಮಹಿಳಾ ತಂಡ ಇನ್ನೊಂದು ರಾಜ್ಯದಲ್ಲಿ ಆಡಬೇಕಿತ್ತು. ನಿರ್ದೇಶಕರು ಪುರುಷರೊಂದಿಗೆ ಹೋದರು, ಮಹಿಳಾ ತಂಡದ ವ್ಯಾನನ್ನು ಕ್ರೀಡಾ ವಿಭಾಗದ ಆಡಳಿತಾಧಿಕಾರಿಯೊಬ್ಬರು ನಡೆಸಿಕೊಂಡು ಹೋದರು. ಕಾಲೇಜು ಗಾಲ್ಫ್‌ಗೂ ವೃತ್ತಿಪರ ಗಾಲ್ಫ್‌ಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಕ್ಯಾಡಿ ಇಲ್ಲ; ಆಟಗಾರರು ತಮ್ಮ ಚೀಲವನ್ನು ತಾವೇ ಹೊರುತ್ತಾರೆ ಅಥವಾ ತಳ್ಳುತ್ತಾರೆ, ಸಲಹೆ ಕೊಡುವ ಅಧಿಕಾರ ಇರುವುದು ತಂಡದ ತರಬೇತುದಾರರಿಗೆ. ಜೊತೆಗೆ ಹೋದ ಅಧಿಕಾರಿಗೆ ಆ ಅಧಿಕಾರವಿರಲಿಲ್ಲ.

ಕೊನೆಯ ಸುತ್ತಿನ ಒಂದು ಪಾರ್ 3 (ಮೂರು ಹೊಡೆತಗಳಲ್ಲಿ ಮುಗಿಸಬೇಕಾದ) ರಂಧ್ರದ ಬಗ್ಗೆ ಮೂರನೇ ವರ್ಷದ ಆಟಗಾರ್ತಿಯೊಬ್ಬಳು ನನಗೆ ವಿವರವಾಗಿ ಹೇಳಿದಳು. ಗ್ರೀನಿನ ಎಡಕ್ಕೆ ನೀರು, ಧ್ವಜ ಎಡ ಅಂಚಿಗೆ ನೆಟ್ಟಿದ್ದರು, ಎದುರುಗಾಳಿ ಒಮ್ಮೆ ಜೋರಾಗಿ ಒಮ್ಮೆ ನಿಂತು ಬೀಸುತ್ತಿತ್ತು. ಆರನೇ ಐರನ್ನೋ ಏಳನೆಯದೋ ಎಂದು ಎರಡು ಸಲ ಚೀಲದಿಂದ ಕ್ಲಬ್ ಬದಲಿಸಿದಳು. ಅಂಥ ರಂಧ್ರಗಳಲ್ಲಿ ಸಹಾಯಕ ತರಬೇತುದಾರರು ಮೊದಲ ಹೊಡೆತ ಹೊಡೆಯುವ ಜಾಗವಾದ ಟೀ ಹತ್ತಿರ ನಿಂತು, ಮುಂದಿನ ಗುಂಪುಗಳ ಚೆಂಡುಗಳು ಎಲ್ಲಿ ಬಿದ್ದವೆಂದು ಬರೆದಿಟ್ಟುಕೊಂಡು, ಬಲಕ್ಕೆ ಆಡು, ಎರಡು ಪಟ್ ಸಾಕು ಎಂದು ಹೇಳುವುದು ವಾಡಿಕೆಯಾಗಿತ್ತು. ಅಂದು ಟೀ ಹತ್ತಿರ ಯಾರೂ ಇರಲಿಲ್ಲ. ಅಧಿಕಾರಿ ಹಗ್ಗದ ಆಚೆ ನೀರಿನ ಬಾಟಲಿಗಳನ್ನು ಹಿಡಿದು ನಿಂತಿದ್ದರು. ಅವಳು ಧ್ವಜಕ್ಕೇ ಹೊಡೆದಳು, ಚೆಂಡು ನೀರಿಗೆ ಬಿತ್ತು, ಐದು ಹೊಡೆತ. ಅದೇ ರಂಧ್ರದಲ್ಲಿ ಅವಳ ತಂಡದ ಇನ್ನಿಬ್ಬರೂ ಅದೇ ತಪ್ಪು ಮಾಡಿದರು. ಮುಂದೆ ಹೋದವಳು ಏನು ಕಂಡಳೆಂದು ಹಿಂದೆ ಬರುವವಳಿಗೆ ತಿಳಿಸುವ ಕೊಂಡಿಯೇ ಇರಲಿಲ್ಲ. ಒಂದು ರಂಧ್ರದಿಂದ ಋತು ಕೆಟ್ಟಿತೆಂದು ಹೇಳಲಾರೆ. ಎರಡನೇ ತರಬೇತುದಾರ ಏನು ಮಾಡುತ್ತಾನೆ ಎಂಬುದನ್ನು ಬಜೆಟ್ ಹಾಳೆಗಿಂತ ಸ್ಪಷ್ಟವಾಗಿ ಆ ರಂಧ್ರ ತೋರಿಸುತ್ತದೆ.

ಡಿಸೆಂಬರ್ ಹೊತ್ತಿಗೆ ಮಹಿಳಾ ತಂಡದ ಇಬ್ಬರು ವರ್ಗಾವಣೆಗೆ ಹೆಸರು ಕೊಟ್ಟರು. ಎಂಟು ಇದ್ದದ್ದು ಆರಾಯಿತು. ಐವರು ಆಡಬೇಕಾದ ಆಟದಲ್ಲಿ ಆರು ಮಂದಿ ಎಂದರೆ ಒಬ್ಬಳಿಗೆ ಜ್ವರ, ಇನ್ನೊಬ್ಬಳಿಗೆ ಪರೀಕ್ಷೆ ಬಂದರೆ ತಂಡವೇ ಅಪೂರ್ಣ. ಲಿಂಗ ಸಮಾನತೆಯನ್ನು ವಿಧಿಸುವ 1972ರ ಟೈಟಲ್ 9 ಕಾನೂನಿನ ದೃಷ್ಟಿಯಿಂದಲೂ ಇದು ಕೆಟ್ಟ ಬೆಳವಣಿಗೆ: ಪುರುಷರ ಕಡೆ ಹನ್ನೊಂದು ಮಂದಿಗೆ ತರಬೇತುದಾರ ಸದಾ ಜೊತೆಗಿರುವುದು, ಮಹಿಳೆಯರ ಕಡೆ ಆರು ಮಂದಿಗೆ ಆಗೊಮ್ಮೆ ಈಗೊಮ್ಮೆ ಸಿಗುವುದು. ಈ ಅಸಮತೆಯನ್ನು ಕ್ರೀಡಾ ವಿಭಾಗ ಮೊದಲೇ ಊಹಿಸಬೇಕಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ. ಹುದ್ದೆ ಕಾಗದದಲ್ಲಿ ಎರಡೂ ತಂಡಗಳದ್ದಾಗಿತ್ತು. ಅದನ್ನು ತೆಗೆದಾಗ ಪೆಟ್ಟು ಬಿದ್ದದ್ದು ಒಂದೇ ತಂಡಕ್ಕೆ.

ಹಣದ ಲೆಕ್ಕದಲ್ಲೂ ಒಂದು ತೂತು ಕಂಡಿತು. ಪ್ರತಿ ಬೇಸಿಗೆಯ ಕೊನೆಯಲ್ಲಿ ಕ್ರೀಡಾ ವಿಭಾಗ ದಾನಿಗಳಿಗಾಗಿ ಒಂದು ಗಾಲ್ಫ್ ಕೂಟ ನಡೆಸುತ್ತಿತ್ತು. ಅದರಿಂದ ಬರುವ ಹಣ ಎಲ್ಲ ಕ್ರೀಡೆಗಳಿಗೂ ಹೋಗುತ್ತಿತ್ತು. ದಾನಿಗಳನ್ನು ಕರೆಯುವುದು, ಯಾರು ಯಾರೊಂದಿಗೆ ಆಡಬೇಕೆಂದು ಜೋಡಿಸುವುದು, ಪ್ರಾಯೋಜಕರ ಫಲಕ ಹಾಕಿಸುವುದು ಎಲ್ಲವೂ ಸಹಾಯಕ ತರಬೇತುದಾರರ ಕೆಲಸವಾಗಿತ್ತು, ಆದರೆ ಅವರ ಹುದ್ದೆಯ ವಿವರಣೆಯಲ್ಲಿ ಅದರ ಒಂದು ಸಾಲೂ ಇರಲಿಲ್ಲ. ಆ ವರ್ಷದ ಕೂಟವನ್ನು ಅವಸರವಾಗಿ ನಡೆಸಿದರು, ಸಂಗ್ರಹ ಎದ್ದು ಕಾಣುವಷ್ಟು ಕುಸಿಯಿತು.

ದಾನಿಯ ಷರತ್ತು

ಚಳಿಗಾಲದಲ್ಲಿ ಹಳೆಯ ಆಟಗಾರರೊಬ್ಬರು, ಈಗ ಉದ್ಯಮಿ, ಸಹಾಯಕ ತರಬೇತುದಾರರ ಸಂಬಳವನ್ನು ತಾವು ಕೊಡುವುದಾಗಿ ಮುಂದೆ ಬಂದರು. ಅವರ ಷರತ್ತು ಒಂದೇ: ಆ ತರಬೇತುದಾರ ಪುರುಷರ ತಂಡಕ್ಕೆ ಮಾತ್ರ ಇರಬೇಕು. ಹಣಕ್ಕೆ ಹಸಿದಿದ್ದ ವಿಭಾಗಕ್ಕೆ ಇಲ್ಲವೆನ್ನುವುದು ಸುಲಭವಾಗಿರಲಿಲ್ಲ. ಆದರೆ ಹಣ ದಾನಿಯಿಂದ ಬಂದರೂ, ಅದರಿಂದ ಉಂಟಾಗುವ ಸೌಲಭ್ಯದಲ್ಲಿ ಪುರುಷರಿಗೂ ಮಹಿಳೆಯರಿಗೂ ತಾರತಮ್ಯವಾದರೆ ಅದಕ್ಕೆ ಉತ್ತರ ಕೊಡಬೇಕಾದದ್ದು ಸಂಸ್ಥೆಯೇ. ಕ್ರೀಡಾ ನಿರ್ದೇಶಕರು ಇಲ್ಲಿ ಗಟ್ಟಿಯಾಗಿ ನಿಂತರು. ಮಹಿಳಾ ತಂಡದ ಸೆಪ್ಟೆಂಬರ್ ಪ್ರವಾಸದ ವಿವರವನ್ನು ದಾನಿಗೆ ಖುದ್ದಾಗಿ ಕುಳಿತು ಹೇಳಿದರು, ಹುದ್ದೆ ಎರಡೂ ತಂಡಗಳಿಗೆ ಇರುವುದಾದರೆ ಮಾತ್ರ ದೇಣಿಗೆ ಒಪ್ಪುವುದಾಗಿ ತಿಳಿಸಿದರು. ಕೆಲವು ವಾರ ಮೌನ. ನಂತರ ದಾನಿ ಒಪ್ಪಿದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ ತೀರ್ಮಾನವೆಂದರೆ ಇದೇ.

ದೇಣಿಗೆಯ ಸ್ವರೂಪವನ್ನು ಮಾತ್ರ ಎಚ್ಚರಿಕೆಯಿಂದ ನೋಡಬೇಕು. ಒಂದು ಹುದ್ದೆಯನ್ನು ಶಾಶ್ವತ ನಿಧಿಯಿಂದ ನಡೆಸುವುದಾದರೆ, ವರ್ಷಕ್ಕೆ ನೂರಕ್ಕೆ 4ರಂತೆ ತೆಗೆಯುವ ಪದ್ಧತಿಯಲ್ಲಿ, 60,000 ಡಾಲರ್ ಪಡೆಯಲು 15 ಲಕ್ಷ ಡಾಲರ್ ಮೂಲಧನ ಬೇಕು. ದಾನಿ ಕೊಟ್ಟದ್ದು ಐದು ವರ್ಷಗಳ ಸಂಬಳ, ಒಟ್ಟು 3 ಲಕ್ಷ ಡಾಲರ್. ಅಂದರೆ ಸಮಸ್ಯೆ ಬಗೆಹರಿಯಲಿಲ್ಲ, ಐದು ವರ್ಷ ಮುಂದಕ್ಕೆ ಹೋಯಿತು.

ಹೊಸ ಸಹಾಯಕರು ವಸಂತ ಋತುವಿನ ಆರಂಭಕ್ಕೆ ಬಂದರು. ಗಾಲ್ಫ್ ನಿರ್ದೇಶಕರು ಅಷ್ಟರಲ್ಲಿ ಟೂರ್ನಿಗಳ ವೇಳಾಪಟ್ಟಿಯನ್ನೂ ತಿರುಗಾಮುರುಗಾ ಮಾಡಿದ್ದರು. ಇಂಥ ಮಧ್ಯಮ ತಂಡಕ್ಕೆ ಎನ್‌ಸಿಎಎ ಪ್ರಾದೇಶಿಕ ಸುತ್ತಿಗೆ ಹೋಗಲು ವಾಸ್ತವದಲ್ಲಿ ಇರುವುದು ಒಂದೇ ಬಾಗಿಲು: ತನ್ನ ಸಮ್ಮೇಳನದ ಚಾಂಪಿಯನ್‌ಶಿಪ್ ಗೆಲ್ಲುವುದು. ರ‍್ಯಾಂಕಿಂಗ್ ಆಧಾರದ ಮೇಲೆ ಆಯ್ಕೆಯಾಗುವ ಆಸೆಯಿಂದ ಬಲಿಷ್ಠ ತಂಡಗಳ ಎದುರು ಆಡಲು ದೂರದೂರಿಗೆ ವಿಮಾನದಲ್ಲಿ ಹೋಗುವುದಕ್ಕೆ ಹೆಚ್ಚಿನ ಅರ್ಥವಿಲ್ಲ. ಪುರುಷರ ಆಯ್ಕೆಗೆ ಡಿವಿಷನ್ 1 ತಂಡಗಳ ವಿರುದ್ಧದ ಗೆಲುವು ಸೋಲಿಗಿಂತ ಕಡಿಮೆ ಇರಬಾರದೆಂಬ ನಿಯಮವೂ ಇದೆ. ಅವರು ಎರಡು ವಿಮಾನ ಪ್ರಯಾಣಗಳನ್ನು ಕೈಬಿಟ್ಟು, ಪುರುಷ, ಮಹಿಳಾ ತಂಡಗಳು ಒಂದೇ ಊರಿನಲ್ಲಿ ಒಂದೇ ವಾರ ಆಡಬಹುದಾದ ಟೂರ್ನಿಗಳನ್ನು ಹುಡುಕಿ ತುಂಬಿಸಿದರು. ಫೆಬ್ರವರಿಯಲ್ಲಿ ಬೆಚ್ಚನೆಯ ರಾಜ್ಯಕ್ಕೆ ಹೋಗುವ ಒಂದು ಪ್ರವಾಸವನ್ನು ಮಾತ್ರ ಬಿಡಲಿಲ್ಲ. ಹಿಮದ ಊರಿಗೆ ಹೊಸ ಆಟಗಾರರನ್ನು ಕರೆತರಲು ಆ ಒಂದು ಪ್ರವಾಸ ಇಲ್ಲದಿದ್ದರೆ ಆಗುವುದಿಲ್ಲ ಎಂಬ ಅವರ ವಾದ ನನಗೆ ಸರಿಯೆನಿಸಿತು.

ಫಲಿತಾಂಶ ಚಮತ್ಕಾರದ್ದೇನಲ್ಲ. ಸಮ್ಮೇಳನದ ಚಾಂಪಿಯನ್‌ಶಿಪ್‌ನಲ್ಲಿ ಪುರುಷರು ಮೂರನೇ ಸ್ಥಾನ, ಮಹಿಳೆಯರು ಮಧ್ಯದಲ್ಲೆಲ್ಲೋ. ಬೆಂಗಳೂರಿನ ಹುಡುಗ ಎರಡು ಟೂರ್ನಿಗಳಲ್ಲಿ ಐವರೊಳಗೆ ಬಂದ, ಒಂದರಲ್ಲಿ ಅವನ ಮೂರೂ ಸುತ್ತುಗಳು ತಂಡದ ಎಣಿಕೆಗೆ ಸೇರಿದವು.

ಇದೇ ಸ್ಥಿತಿಯಲ್ಲಿರುವವರಿಗೆ

ಇಂಥ ತೀರ್ಮಾನಗಳನ್ನು ಎದುರಿಸುವ ಆಡಳಿತಗಾರರು ಮೊದಲು ಮಾಡಬೇಕಾದದ್ದು ಕ್ರೀಡಾ ವಿಭಾಗದ ಖಾತೆಯನ್ನೂ ಶುಲ್ಕದ ಖಾತೆಯನ್ನೂ ಒಂದೇ ಹಾಳೆಯ ಮೇಲೆ ಬರೆಯುವುದು. ಈ ಸಂಸ್ಥೆಯಲ್ಲಿ ಆ ಕೆಲಸ ಜನವರಿಯಲ್ಲಿ ಆಗಿದ್ದರೆ ಫೆಬ್ರವರಿಯ ಆ ಮೂರು ಭೇಟಿಗಳು ನಡೆಯುತ್ತಿರಲಿಲ್ಲ, ಡಿವಿಷನ್ 2ಕ್ಕೆ ಹೋದ ಹುಡುಗ ತನ್ನ ಗೆಳೆಯರ ಜೊತೆಗೇ ಪದವಿ ಮುಗಿಸುತ್ತಿದ್ದ. ಆಟಗಾರರಿಗೆ ಬೇಗ ತಿಳಿಸುವುದು ಸೌಜನ್ಯ ನಿಜ. ಅಂತಿಮವಾಗದ ನಿಯಮವನ್ನು ಅಂತಿಮವೆಂಬಂತೆ ತಿಳಿಸಿದ್ದರಿಂದ ಹಾನಿಯಾಯಿತು. ಹೀಗಾಗಬಹುದು, ಆದರೆ ಇಂಥ ದಿನದವರೆಗೆ ನಿನ್ನ ಜಾಗ ಭದ್ರ ಎಂದು ಬರೆದು ಕೊಟ್ಟಿದ್ದರೆ ಎರಡೂ ಉದ್ದೇಶ ಈಡೇರುತ್ತಿದ್ದವು. ಗಾಲ್ಫ್‌ನಲ್ಲಿ ಖರ್ಚು ಪಟ್ಟಿಯ ಉದ್ದಕ್ಕೆ ತಕ್ಕಂತೆ ಏರುವುದಿಲ್ಲ. ಅದು ಏರುವುದು ಪ್ರಯಾಣದಿಂದ ಮತ್ತು ಸಂಬಳದಿಂದ. ಹಾಗಾಗಿ ಕಡಿತ ಅನಿವಾರ್ಯವಾದರೆ ಮೊದಲು ವಿಮಾನದ ಟಿಕೆಟ್‌ಗಳನ್ನು ನೋಡಬೇಕು, ಕೊನೆಯಲ್ಲಿ ತರಬೇತುದಾರರನ್ನು, ಪಟ್ಟಿಯ ಬಾಲವನ್ನು ಮುಟ್ಟಲೇಬಾರದು.

ಕರ್ನಾಟಕದಿಂದ ಮಕ್ಕಳನ್ನು ಅಲ್ಲಿಗೆ ಕಳಿಸುವ ಕುಟುಂಬಗಳಿಗೂ ಇಲ್ಲಿ ತಿಳಿದುಕೊಳ್ಳಬೇಕಾದದ್ದಿದೆ. ನೇರ ಹಣದ ಪಾಲು, ಆಟಗಾರರು ತಮ್ಮ ಹೆಸರನ್ನು ಜಾಹೀರಾತಿಗೆ ಕೊಟ್ಟು ಮಾಡುವ ಗಳಿಕೆ ಎಂಬ ಸುದ್ದಿಗಳಿಗೆ ಮರುಳಾಗಬೇಕಿಲ್ಲ. ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಕೆಲಸದ ಮೇಲಿರುವ ನಿರ್ಬಂಧಗಳಿಂದ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ವಿದ್ಯಾರ್ಥಿವೇತನದ ಶೇಕಡಾವಾರು ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಸಂಸ್ಥೆ ಒಪ್ಪಂದಕ್ಕೆ ಸೇರಿದೆಯೇ, ಸೇರಿದ್ದರೆ ಪಟ್ಟಿಯಲ್ಲಿ ಈಗ ಎಷ್ಟು ಮಂದಿ ಇದ್ದಾರೆ, ತಂಡದಿಂದ ಕೈಬಿಟ್ಟರೂ ವಿದ್ಯಾರ್ಥಿವೇತನ ಪದವಿ ಮುಗಿಯುವವರೆಗೆ ಇರುತ್ತದೆಂದು ಬರೆದು ಕೊಡುತ್ತಾರೆಯೇ, ಸಹಾಯಕ ತರಬೇತುದಾರರ ಸಂಬಳ ಯಾವ ಹಣದಿಂದ ಬರುತ್ತದೆ, ಆ ಹಣ ಯಾವ ವರ್ಷದವರೆಗೆ ಇದೆ, ಕಳೆದ ಋತುವಿನಲ್ಲಿ ಆರನೇ ಸ್ಥಾನದಿಂದ ಒಂಬತ್ತನೇ ಸ್ಥಾನದವರೆಗಿನ ಆಟಗಾರರು ಎಷ್ಟು ಟೂರ್ನಿಗಳಿಗೆ ಪ್ರಯಾಣ ಮಾಡಿದರು. ಬೆಂಗಳೂರಿನ ಆ ಕುಟುಂಬ ಈಗ ತಮ್ಮ ಕಿರಿಯ ಮಗಳಿಗಾಗಿ ಕಾಲೇಜು ಹುಡುಕುತ್ತಿದೆ, ಈ ಪ್ರಶ್ನೆಗಳನ್ನು ಪ್ರತಿ ತರಬೇತುದಾರರಿಗೂ ಇಮೇಲ್‌ನಲ್ಲಿ ಕಳಿಸಿ ಲಿಖಿತ ಉತ್ತರ ಬಂದ ಕಾಲೇಜುಗಳನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತಿದೆ.